ರಜಾದಿನದ ರಕ್ತಸ್ರಾವ: ದಾಖಲಾದ ವೇಳೆಯೇ ರೋಗಿಯ ಹಣೆಬರಹವೇ?

ಕಾಯಿಲೆಗೆ ವಾರದ ರಜೆ ಎಂಬುದಿಲ್ಲ. ಆದರೆ ಆಸ್ಪತ್ರೆಗಳ ವೇಳಾಪಟ್ಟಿಯಲ್ಲಿ ಭಾನುವಾರ ಭಾನುವಾರವೇ. ಹೊರರೋಗಿ ವಿಭಾಗ ಮುಚ್ಚಿರುತ್ತದೆ. ಹಿರಿಯ ತಜ್ಞರು ಕರೆ ಹೋದರೆ ಮಾತ್ರ ಬರುತ್ತಾರೆ. ಪ್ರಯೋಗಾಲಯ, ಸ್ಕ್ಯಾನಿಂಗ್ ಹಾಗೂ ಎಂಡೋಸ್ಕೋಪಿ ಕೊಠಡಿಗಳಲ್ಲಿ ಸಿಬ್ಬಂದಿ ವಿರಳ. ಇಂತಹ ದಿನ ರಕ್ತ ವಾಂತಿ ಮಾಡಿಕೊಂಡು ಬಂದ ರೋಗಿ ಬದುಕುಳಿಯುವ ಸಾಧ್ಯತೆ ಮಂಗಳವಾರ ಬಂದ ರೋಗಿಗಿಂತ ಕಡಿಮೆಯೇ ಎಂಬ ಪ್ರಶ್ನೆ ಎರಡು ದಶಕಗಳಿಂದ ವೈದ್ಯಕೀಯ ವಲಯವನ್ನು ಕಾಡುತ್ತಿದೆ. ಬ್ರಿಟನ್ನಿನಲ್ಲಿ ಅದು ವೈದ್ಯರ ಮುಷ್ಕರದವರೆಗೂ ಹೋದ ರಾಜಕೀಯ ವಿವಾದವಾಗಿತ್ತು.

ಜಠರ ಹಾಗೂ ಅನ್ನನಾಳದ ರಕ್ತಸ್ರಾವವು ಈ ಪ್ರಶ್ನೆಗೆ ಒಂದು ಒರೆಗಲ್ಲಿನಂತಿದೆ. ಏಕೆಂದರೆ ಇದು ಗಂಟೆಗಳ ಲೆಕ್ಕದಲ್ಲಿ ನಿರ್ಧಾರ ಕೈಗೊಳ್ಳಬೇಕಾದ ಕಾಯಿಲೆ. ಚಿಕಿತ್ಸೆಗೆ ವಿಶೇಷ ಉಪಕರಣ, ನುರಿತ ವೈದ್ಯ, ರಕ್ತನಿಧಿ, ತೀವ್ರ ನಿಗಾ ಘಟಕ ಎಲ್ಲವೂ ಏಕಕಾಲಕ್ಕೆ ಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ ಸರಪಳಿ ಕಡಿಯುತ್ತದೆ. ಅಮೆರಿಕ, ಬ್ರಿಟನ್, ಹಾಂಕಾಂಗ್‌ಗಳಿಂದ ಈವರೆಗೆ ಬಂದಿರುವ ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ಒಂದು ಚಿತ್ರ ಸ್ಪಷ್ಟವಾಗುತ್ತದೆ. ಅಪಾಯ ಇರುವುದು ಕ್ಯಾಲೆಂಡರಿನ ಕೆಂಪು ಅಂಕಿಯಲ್ಲಲ್ಲ, ಆ ದಿನದ ಆಸ್ಪತ್ರೆಯ ವ್ಯವಸ್ಥೆಯಲ್ಲಿ.

ಕಾಯಿಲೆಯ ಸ್ವರೂಪ

ಅನ್ನನಾಳ, ಜಠರ ಮತ್ತು ಸಣ್ಣಕರುಳಿನ ಆರಂಭಿಕ ಭಾಗದಲ್ಲಿ ಉಂಟಾಗುವ ರಕ್ತಸ್ರಾವಕ್ಕೆ ಎರಡು ಪ್ರಮುಖ ಕಾರಣಗಳಿವೆ. ಮೊದಲನೆಯದು ಹುಣ್ಣು, ಅಂದರೆ ಅಲ್ಸರ್. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣವಾಗಬಲ್ಲದು; ಇದನ್ನು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮಂಡಿ ನೋವು, ಬೆನ್ನು ನೋವಿಗೆಂದು ದೀರ್ಘಕಾಲ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವು ನಿವಾರಕಗಳು ಹಾಗೂ ಹೃದ್ರೋಗಿಗಳು ಸೇವಿಸುವ ಆಸ್ಪಿರಿನ್ ಕೂಡ ಜಠರದ ಒಳಪದರಕ್ಕೆ ಹಾನಿ ಮಾಡುತ್ತವೆ.

ಎರಡನೆಯದು ಲಿವರ್ ಸಿರೋಸಿಸ್. ಮದ್ಯಪಾನ, ಹೆಪಟೈಟಿಸ್ ಮೊದಲಾದ ಕಾರಣಗಳಿಂದ ಲಿವರ್ ಗಟ್ಟಿಯಾದಾಗ ಅದರ ಮೂಲಕ ಹರಿಯಬೇಕಾದ ರಕ್ತ ಹಿಂದಕ್ಕೆ ಒತ್ತರಿಸಿ ಅನ್ನನಾಳದ ರಕ್ತನಾಳಗಳು ಉಬ್ಬಿಕೊಳ್ಳುತ್ತವೆ. ಅವು ಒಡೆದರೆ ರಕ್ತಸ್ರಾವ ಹಠಾತ್ತನೆ, ಭಾರೀ ಪ್ರಮಾಣದಲ್ಲಿ ಆಗುತ್ತದೆ.

ಲಕ್ಷಣಗಳು ಗುರುತಿಸಲಾಗದಂಥವೇನಲ್ಲ. ಕೆಂಪು ರಕ್ತದ ವಾಂತಿ, ಕಾಫಿ ಡಿಕಾಕ್ಷನ್ನಿನ ಚರಟದಂತಹ ಕಂದು ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ದುರ್ವಾಸನೆಯ ಮಲ, ಎದ್ದು ನಿಂತಾಗ ಕಣ್ಣು ಕತ್ತಲೆ, ತಣ್ಣನೆಯ ಬೆವರು. ಕಬ್ಬಿಣಾಂಶದ ಮಾತ್ರೆ ನುಂಗುವವರಲ್ಲೂ ಮಲ ಕಪ್ಪಾಗುವುದುಂಟು. ಆದರೆ ತಲೆಸುತ್ತು, ನಿಶ್ಶಕ್ತಿ ಜೊತೆಗಿದ್ದರೆ ಮಾತ್ರೆಯ ಮೇಲೆ ಹೊರೆ ಹೊರಿಸಿ ಕೂರುವಂತಿಲ್ಲ.

ಅಮೆರಿಕದ ಅಂಕಿ-ಅಂಶ

ವಾರಾಂತ್ಯದ ದಾಖಲಾತಿ ಕುರಿತ ಚರ್ಚೆಗೆ ದೊಡ್ಡ ಚಾಲನೆ ದೊರೆತದ್ದು 2001ರಲ್ಲಿ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹತ್ತು ವರ್ಷಗಳ ಅವಧಿಯ ಸುಮಾರು 38 ಲಕ್ಷ ತುರ್ತು ದಾಖಲಾತಿಗಳನ್ನು ಪರಿಶೀಲಿಸಿದ ಬೆಲ್ ಮತ್ತು ರೆಡೆಲ್‌ಮಿಯರ್ ಎಂಬ ಸಂಶೋಧಕರು, ಸಾವಿಗೆ ಕಾರಣವಾಗುವ 100 ಪ್ರಮುಖ ಕಾಯಿಲೆಗಳ ಪೈಕಿ 23ರಲ್ಲಿ ವಾರಾಂತ್ಯದ ಮರಣ ಪ್ರಮಾಣ ಹೆಚ್ಚಿರುವುದನ್ನು ಕಂಡುಕೊಂಡರು.

ಜಠರದ ರಕ್ತಸ್ರಾವದ ಮೇಲೆ ನೇರವಾಗಿ ಬೆಳಕು ಚೆಲ್ಲಿದ್ದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನಗಳು. ಅವುಗಳಲ್ಲೊಂದು 1993ರಿಂದ 2005ರವರೆಗೆ ಅಲ್ಸರ್ ರಕ್ತಸ್ರಾವಕ್ಕೆ ಆಸ್ಪತ್ರೆ ಸೇರಿದ 2.37 ಲಕ್ಷಕ್ಕೂ ಹೆಚ್ಚು ದಾಖಲಾತಿಗಳ ಲೆಕ್ಕ ತೆಗೆಯಿತು. ವಾರದ ದಿನಗಳಲ್ಲಿ ದಾಖಲಾದವರಲ್ಲಿ ಶೇ. 3.0ರಷ್ಟು ಮಂದಿ ಆಸ್ಪತ್ರೆಯಲ್ಲಿ ಮೃತಪಟ್ಟರೆ, ಶನಿವಾರ ಅಥವಾ ಭಾನುವಾರ ದಾಖಲಾದವರಲ್ಲಿ ಈ ಪ್ರಮಾಣ ಶೇ. 3.4 ಆಗಿತ್ತು. ದಾಖಲಾದ ದಿನವೇ ಎಂಡೋಸ್ಕೋಪಿ ಆದವರು ವಾರದ ದಿನಗಳಲ್ಲಿ ಶೇ. 34, ವಾರಾಂತ್ಯದಲ್ಲಿ ಶೇ. 30.

ಮೇಲ್ನೋಟಕ್ಕೆ ಅಂತರ ಸಣ್ಣದು. ಸಾವಿರ ರೋಗಿಗಳಲ್ಲಿ ನಾಲ್ವರ ವ್ಯತ್ಯಾಸ. ಆದರೆ ಗಮನಾರ್ಹ ಸಂಗತಿ ಬೇರೊಂದಿದೆ. ಎಂಡೋಸ್ಕೋಪಿಯಲ್ಲಾದ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊಂದಾಣಿಕೆ ಮಾಡಿದ ಬಳಿಕವೂ ವಾರಾಂತ್ಯದ ಹೆಚ್ಚುವರಿ ಅಪಾಯ ಅಳಿಯಲಿಲ್ಲ. ಅಂದರೆ ಎಂಡೋಸ್ಕೋಪಿ ಬೇಗ ಮಾಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂಬ ಸರಳ ವಿವರಣೆ ಸಾಲದು ಎಂದಾಯಿತು.

ವೇಲ್ಸ್‌ನ ಎಚ್ಚರಿಕೆ

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 1999ರಿಂದ 2007ರ ನಡುವಿನ ಸುಮಾರು 24 ಸಾವಿರ ದಾಖಲಾತಿಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ತೀಕ್ಷ್ಣವಾದ ಚಿತ್ರ ನೀಡಿತು. ವಾರಾಂತ್ಯದಲ್ಲಿ ದಾಖಲಾದವರ ಮರಣ ಪ್ರಮಾಣ ವಾರದ ದಿನಗಳಿಗಿಂತ ಶೇ. 13ರಷ್ಟು ಹೆಚ್ಚಿತ್ತು. ಸಾರ್ವಜನಿಕ ರಜಾದಿನಗಳಲ್ಲಿ ದಾಖಲಾದವರಲ್ಲಿ ಈ ಹೆಚ್ಚಳ ಶೇ. 41ಕ್ಕೆ ತಲುಪಿತ್ತು.

ರಜಾದಿನದ ಅಂಕಿ ಯೋಚನೆಗೆ ಹಚ್ಚುವಂಥದ್ದು. ಭಾನುವಾರ ಪ್ರತಿ ವಾರ ಬರುತ್ತದೆ. ಅದಕ್ಕೆ ಆಸ್ಪತ್ರೆಗಳು ಒಂದು ಮಟ್ಟಿಗಾದರೂ ಒಗ್ಗಿಕೊಂಡಿರುತ್ತವೆ. ಸಾಲು ಸಾಲು ಹಬ್ಬದ ರಜೆಗಳ ಪರಿಸ್ಥಿತಿ ಹಾಗಲ್ಲ. ಸಿಬ್ಬಂದಿ ಊರಿಗೆ ಹೋಗಿರುತ್ತಾರೆ, ಪಾಳಿ ಬದಲಾಗಿರುತ್ತದೆ. ಇತ್ತ ರೋಗಿಯ ಮನೆಯವರೂ ಹಬ್ಬ ಮುಗಿಯಲಿ ಎಂದು ಕಾಯುತ್ತಾರೆ.

ಬ್ರಿಟನ್ನಿನ ಭಿನ್ನ ಚಿತ್ರ

ಇಷ್ಟರಿಂದಲೇ ವಾರಾಂತ್ಯವೇ ಅಪರಾಧಿ ಎಂದು ತೀರ್ಪು ನೀಡುವ ಮುನ್ನ ಅದೇ 2011ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವನ್ನು ನೋಡಬೇಕು. 2007ರಲ್ಲಿ ಬ್ರಿಟನ್ನಿನ 212 ಆಸ್ಪತ್ರೆಗಳಲ್ಲಿ 6,749 ರೋಗಿಗಳ ವಿವರ ಸಂಗ್ರಹಿಸಿ ರಾಷ್ಟ್ರಮಟ್ಟದ ಪರಿಶೀಲನೆ ನಡೆಸಲಾಗಿತ್ತು. ವಾರಾಂತ್ಯದಲ್ಲಿ ಬಂದವರ ಸ್ಥಿತಿ ಹೆಚ್ಚು ಗಂಭೀರವಾಗಿತ್ತು. 24 ಗಂಟೆಗಳೊಳಗೆ ಎಂಡೋಸ್ಕೋಪಿ ಆದವರು ವಾರದ ದಿನಗಳಲ್ಲಿ ಶೇ. 55 ಇದ್ದರೆ, ವಾರಾಂತ್ಯದಲ್ಲಿ ಶೇ. 38 ಮಾತ್ರ. ಅಷ್ಟಾದರೂ ರೋಗದ ತೀವ್ರತೆಯನ್ನು ಹೊಂದಾಣಿಕೆ ಮಾಡಿ ನೋಡಿದಾಗ ಮರಣ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ.

ಈ ಪರಿಶೀಲನೆಯಿಂದ ಇನ್ನೊಂದು ವಿಷಯವೂ ಹೊರಬಿತ್ತು. 1993ರಲ್ಲಿ ನಡೆದ ಇಂತಹುದೇ ಪರಿಶೀಲನೆಯಲ್ಲಿ ಒಟ್ಟು ಮರಣ ಪ್ರಮಾಣ ಶೇ. 14 ಇತ್ತು. 2007ರ ವೇಳೆಗೆ ಅದು ಶೇ. 10ಕ್ಕೆ ಇಳಿದಿತ್ತು. ಹೊರಗಿನಿಂದ ಬಂದು ದಾಖಲಾದವರಲ್ಲಿ ಶೇ. 7ರಷ್ಟು ಮಂದಿ ಮೃತಪಟ್ಟರೆ, ಬೇರೆ ಕಾಯಿಲೆಗೆಂದು ಆಸ್ಪತ್ರೆಯಲ್ಲಿದ್ದಾಗಲೇ ರಕ್ತಸ್ರಾವ ಆರಂಭವಾದವರಲ್ಲಿ ಈ ಪ್ರಮಾಣ ಶೇ. 26. ಹೃದಯ, ಮೂತ್ರಪಿಂಡ, ಲಿವರ್‌ನ ಹಳೆಯ ಕಾಯಿಲೆಗಳು ರೋಗಿಯ ಭವಿಷ್ಯವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಒಂದೇ ಕಾಯಿಲೆ, ಎರಡು ಉತ್ತರ ಏಕೆ?

ಈ ವೈರುಧ್ಯಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ನೀಡಬಹುದು.

ಒಂದು, ವಾರಾಂತ್ಯದಲ್ಲಿ ಆಸ್ಪತ್ರೆಗೆ ಬರುವ ರೋಗಿಗಳೇ ಬೇರೆ. ಸಣ್ಣಪುಟ್ಟ ರಕ್ತಸ್ರಾವ ಇರುವವರು ಸೋಮವಾರ ನೋಡಿದರಾಯಿತು ಎಂದು ಮನೆಯಲ್ಲೇ ಉಳಿಯುತ್ತಾರೆ. ತೀರಾ ಕೈಮೀರಿದವರು ಮಾತ್ರ ತುರ್ತು ಚಿಕಿತ್ಸಾ ವಿಭಾಗ ತಲುಪುತ್ತಾರೆ. ಅಮೆರಿಕ ಹಾಗೂ ವೇಲ್ಸ್‌ನ ಅಧ್ಯಯನಗಳು ಆಡಳಿತಾತ್ಮಕ ದಾಖಲೆಗಳನ್ನು ಆಧರಿಸಿದಂಥವು. ರೋಗಿ ಬಂದಾಗ ರಕ್ತದೊತ್ತಡ ಎಷ್ಟಿತ್ತು, ಹಿಮೋಗ್ಲೋಬಿನ್ ಎಷ್ಟಿತ್ತು ಎಂಬುದನ್ನು ಇಂತಹ ದಾಖಲೆಗಳು ಹೇಳುವುದಿಲ್ಲ. ಬ್ರಿಟನ್ನಿನ ಪರಿಶೀಲನೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಬರೆದ ಈ ವಿವರಗಳನ್ನೂ ಒಳಗೊಂಡಿತ್ತು. ಹೀಗಾಗಿ ನ್ಯಾಯಯುತ ಹೋಲಿಕೆ ಸಾಧ್ಯವಾಯಿತು.

ಎರಡು, ಆಸ್ಪತ್ರೆಯ ಉಳಿದ ವ್ಯವಸ್ಥೆ. ಎಂಡೋಸ್ಕೋಪಿ ತಡವಾದರೂ ರಕ್ತ ಸಮಯಕ್ಕೆ ಸಿಕ್ಕಿದರೆ, ದಾದಿಯರು ಗಂಟೆಗೊಮ್ಮೆ ನಾಡಿ ನೋಡಿದರೆ, ಸ್ಥಿತಿ ಬಿಗಡಾಯಿಸಿದ ಕೂಡಲೇ ಹಿರಿಯ ವೈದ್ಯರಿಗೆ ಕರೆ ಹೋದರೆ ರೋಗಿ ಉಳಿಯುತ್ತಾನೆ. ಇವು ಶಿಥಿಲವಾಗಿರುವ ಕಡೆ ಎಂಡೋಸ್ಕೋಪಿ ಯಂತ್ರವೊಂದೇ ಇದ್ದು ಪ್ರಯೋಜನವಿಲ್ಲ.

ಬೇಗ ಎಂದರೆ ಎಷ್ಟು ಬೇಗ?

ಈ ಅಂಶವನ್ನು ಮತ್ತಷ್ಟು ಸ್ಪಷ್ಟಗೊಳಿಸಿದ್ದು ಹಾಂಕಾಂಗ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ. ತೀವ್ರ ಅಪಾಯದಲ್ಲಿದ್ದ 516 ರೋಗಿಗಳನ್ನು ಎರಡು ಗುಂಪುಗಳನ್ನಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಜಠರ-ಕರುಳು ತಜ್ಞರ ಗಮನಕ್ಕೆ ಬಂದ 6 ಗಂಟೆಗಳೊಳಗೆ ಎಂಡೋಸ್ಕೋಪಿ. ಇನ್ನೊಂದಕ್ಕೆ 6ರಿಂದ 24 ಗಂಟೆಗಳ ನಡುವೆ. 30 ದಿನಗಳೊಳಗಿನ ಮರಣ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 8.9, ಎರಡನೆಯದರಲ್ಲಿ ಶೇ. 6.6. ಈ ವ್ಯತ್ಯಾಸ ಆಕಸ್ಮಿಕವಾಗಿರಬಹುದಾದಷ್ಟು ಸಣ್ಣದು. ಆದರೆ ಆತುರದ ಎಂಡೋಸ್ಕೋಪಿಯಿಂದ ಹೆಚ್ಚುವರಿ ಜೀವಗಳು ಉಳಿಯುತ್ತವೆ ಎಂಬ ನಿರೀಕ್ಷೆಯಂತೂ ನಿಜವಾಗಲಿಲ್ಲ.

ಈ ಫಲಿತಾಂಶವನ್ನು ತಪ್ಪಾಗಿ ಓದುವ ಅಪಾಯವೂ ಇದೆ. ಆರಂಭಿಕ ಚಿಕಿತ್ಸೆಯ ನಂತರವೂ ರಕ್ತದೊತ್ತಡ ಚೇತರಿಸಿಕೊಳ್ಳದ ರೋಗಿಗಳನ್ನು ಈ ಪ್ರಯೋಗದಲ್ಲಿ ಸೇರಿಸಿಕೊಂಡಿರಲಿಲ್ಲ. ಅಂಥವರಿಗೆ ತಡಮಾಡದೆ ಎಂಡೋಸ್ಕೋಪಿ ಬೇಕೇ ಬೇಕು. ಎರಡನೆಯದಾಗಿ, ಕಾದಿದ್ದ ರೋಗಿಗಳು ಸುಮ್ಮನೆ ಕಾದಿರಲಿಲ್ಲ. ಅವರಿಗೆ ಆಮ್ಲ ತಗ್ಗಿಸುವ ಔಷಧ ನೀಡಲಾಗಿತ್ತು, ನಿಗಾ ಇತ್ತು. ಕಾದ ಗುಂಪಿನಲ್ಲಿ ಎಂಡೋಸ್ಕೋಪಿ ಮೂಲಕ ರಕ್ತ ನಿಲ್ಲಿಸುವ ಚಿಕಿತ್ಸೆ ಬೇಕಾದವರ ಸಂಖ್ಯೆಯೂ ಕಡಿಮೆ ಇತ್ತು. ಹಾಗಾಗಿ 24 ಗಂಟೆಗಳ ಮಿತಿ ಎಂಬುದು ಕೈಕಟ್ಟಿ ಕೂರುವುದಕ್ಕೆ ಸಿಕ್ಕ ಪರವಾನಗಿಯಲ್ಲ.

ಲಿವರ್ ಸಿರೋಸಿಸ್‌ನಿಂದ ಉಬ್ಬಿದ ರಕ್ತನಾಳ ಒಡೆದವರ ವಿಷಯದಲ್ಲಿ ಗಡುವು ಇನ್ನೂ ಬಿಗಿ. ಅಂತಾರಾಷ್ಟ್ರೀಯ ಮಾರ್ಗಸೂಚಿಗಳು 12 ಗಂಟೆಗಳೊಳಗೆ ಎಂಡೋಸ್ಕೋಪಿ ನಡೆಸಿ ರಕ್ತನಾಳಕ್ಕೆ ಬ್ಯಾಂಡ್ ಹಾಕಬೇಕು ಎನ್ನುತ್ತವೆ.

ಮೊದಲ ಗಂಟೆಗಳ ಕೆಲಸ

ಹಾಗಾದರೆ ದಾಖಲಾದ ಮೊದಲ ಕೆಲವು ಗಂಟೆಗಳಲ್ಲಿ ಏನಾಗಬೇಕು? ಈ ಪ್ರಶ್ನೆಗೂ ಕಳೆದ ದಶಕದಲ್ಲಿ ಗಟ್ಟಿ ಉತ್ತರಗಳು ದೊರೆತಿವೆ.

ಬಾರ್ಸಿಲೋನಾದಲ್ಲಿ 921 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ರಕ್ತ ನೀಡುವ ಪದ್ಧತಿಯನ್ನೇ ಬದಲಿಸಿತು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದಾಗ ಮಾತ್ರ ರಕ್ತ ಪಡೆದ ಗುಂಪಿನಲ್ಲಿ ಆರು ವಾರಗಳ ನಂತರ ಶೇ. 95ರಷ್ಟು ಮಂದಿ ಬದುಕಿದ್ದರು. 9 ಗ್ರಾಂಗೇ ರಕ್ತ ಪಡೆದ ಗುಂಪಿನಲ್ಲಿ ಶೇ. 91. ರಕ್ತ ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಹುಸಿಯಾಯಿತು. ಹೃದ್ರೋಗ ಇರುವವರಿಗೆ ಹಾಗೂ ರಕ್ತ ಧಾರಾಕಾರವಾಗಿ ಹೋಗುತ್ತಿರುವವರಿಗೆ ಈ ಮಿತಿ ಯಥಾವತ್ತಾಗಿ ಅನ್ವಯಿಸದು. ಆದರೂ ರಕ್ತದ ಕೊರತೆ ಇರುವ ಊರುಗಳಿಗೆ ಇದು ಮಹತ್ವದ ಮಾಹಿತಿ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧದ ಮೇಲೂ ಬಹಳ ಭರವಸೆ ಇತ್ತು. 15 ದೇಶಗಳ ಸುಮಾರು 12 ಸಾವಿರ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಾಲ್ಟ್-ಇಟ್ ಪ್ರಯೋಗದಲ್ಲಿ ಅದರಿಂದ ಸಾವು ತಗ್ಗಲಿಲ್ಲ. ಬದಲಿಗೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚಿತು. ಇನ್ನೊಂದೆಡೆ, ಸಿರೋಸಿಸ್ ರೋಗಿಗಳಿಗೆ ಎಂಡೋಸ್ಕೋಪಿಗೂ ಮುನ್ನವೇ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಹಾಗೂ ಆಂಟಿಬಯಾಟಿಕ್ ಆರಂಭಿಸುವುದು ಸ್ಥಾಪಿತ ಪದ್ಧತಿ. ಇದಕ್ಕೆ ಎಂಡೋಸ್ಕೋಪಿ ತಜ್ಞರೇ ಬೇಕೆಂದಿಲ್ಲ. ಔಷಧ ದಾಸ್ತಾನು ಇರಬೇಕು, ಕರ್ತವ್ಯದಲ್ಲಿರುವ ವೈದ್ಯರಿಗೆ ಮಾಹಿತಿ ಇರಬೇಕು, ಅಷ್ಟೆ.

ಬ್ರಿಟನ್ ಏನು ಮಾಡಿತು?

2007ರ ಪರಿಶೀಲನೆ ನಡೆದಾಗ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ರಜಾ ವೇಳೆಯ ಎಂಡೋಸ್ಕೋಪಿಗೆ ನಿಗದಿತ ಪಾಳಿ ವ್ಯವಸ್ಥೆ ಇತ್ತು. 2012ರಲ್ಲಿ ಅಲ್ಲಿನ ನೈಸ್ ಸಂಸ್ಥೆ ಮಾರ್ಗಸೂಚಿ ಹೊರಡಿಸಿತು. ಅಸ್ಥಿರ ಸ್ಥಿತಿಯಲ್ಲಿರುವ ರೋಗಿಗೆ ಪ್ರಾಥಮಿಕ ಚೇತರಿಕೆಯ ನಂತರ ತಕ್ಷಣ, ಉಳಿದೆಲ್ಲರಿಗೂ ದಾಖಲಾದ 24 ಗಂಟೆಗಳೊಳಗೆ ಎಂಡೋಸ್ಕೋಪಿ ಆಗಬೇಕು ಎಂಬುದು ಅದರ ಸಾರ. ತೀವ್ರ ರಕ್ತಸ್ರಾವದ ರೋಗಿಗಳ ಆರೈಕೆ ಕುರಿತು 2015ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿ, ಇಂತಹ ರೋಗಿಗಳನ್ನು ದಾಖಲಿಸಿಕೊಳ್ಳುವ ಆಸ್ಪತ್ರೆಗಳಿಗೆ ದಿನದ 24 ಗಂಟೆಯೂ ಸೇವೆ ಲಭ್ಯವಿರಬೇಕು. ಸ್ವಂತದ್ದಿಲ್ಲದಿದ್ದರೆ ನೆರೆಯ ಆಸ್ಪತ್ರೆಗಳೊಂದಿಗೆ ಸೇರಿ ಜಾಲ ರೂಪಿಸಿಕೊಳ್ಳಬೇಕು ಎಂದು ಒತ್ತಿ ಹೇಳಿತು.

ಅದೇ ವರ್ಷ ಅಲ್ಲಿನ ಆರೋಗ್ಯ ಸಚಿವರಾಗಿದ್ದ ಜೆರೆಮಿ ಹಂಟ್ ವಾರಾಂತ್ಯದ ಸಾವುಗಳ ಅಂಕಿ-ಅಂಶ ಮುಂದಿಟ್ಟು ಏಳು ದಿನಗಳ ಆರೋಗ್ಯ ಸೇವೆಯ ಹೆಸರಿನಲ್ಲಿ ಕಿರಿಯ ವೈದ್ಯರ ಕೆಲಸದ ಕರಾರು ಬದಲಿಸಲು ಹೊರಟರು. 2016ರಲ್ಲಿ ಇಂಗ್ಲೆಂಡಿನ ಕಿರಿಯ ವೈದ್ಯರು ಮುಷ್ಕರ ಹೂಡಿದರು. ಅಂಕಿ-ಅಂಶಗಳನ್ನು ಅರ್ಥೈಸುವುದರಲ್ಲಿ ಆತುರ ತೋರಿದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಕರಣ ನಿದರ್ಶನ. ಇರುವ ವೈದ್ಯರನ್ನೇ ಏಳು ದಿನಗಳಿಗೆ ಹರಡಿದರೆ ಭಾನುವಾರದ ಕೊರತೆ ಬುಧವಾರಕ್ಕೆ ವರ್ಗಾವಣೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಕರ್ನಾಟಕಕ್ಕೆ ಪಾಠ

ನಮ್ಮ ರಾಜ್ಯದಲ್ಲಿ ವೇಳೆಯ ಪ್ರಶ್ನೆಗೆ ದೂರದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಜಠರ-ಕರುಳು ತಜ್ಞರು ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿಯಂತಹ ನಗರಗಳಲ್ಲಿ ಕೇಂದ್ರೀಕೃತರಾಗಿದ್ದಾರೆ. ಮಲೆನಾಡಿನ ತಾಲೂಕೊಂದರ ರೋಗಿ ಮಳೆಗಾಲದ ರಾತ್ರಿ ಘಾಟಿ ಇಳಿದು ಕರಾವಳಿಯ ಆಸ್ಪತ್ರೆ ಸೇರಬೇಕಾಗುತ್ತದೆ. ಇಂಥವರಿಗೆ 24 ಗಂಟೆಗಳ ಗಡಿಯಾರ ನಗರದ ಆಸ್ಪತ್ರೆಯ ಬಾಗಿಲಿನಲ್ಲಿ ಶುರುವಾಗುವುದಿಲ್ಲ, ಮನೆಯ ಅಂಗಳದಲ್ಲೇ ಶುರುವಾಗಿರುತ್ತದೆ.

ಪ್ರತಿ ತಾಲೂಕು ಆಸ್ಪತ್ರೆಗೂ ಎಂಡೋಸ್ಕೋಪಿ ಯಂತ್ರ ಕೊಡಬೇಕೆಂಬ ಬೇಡಿಕೆ ಕಿವಿಗೆ ಹಿತ. ಆದರೆ ಮೇಲಿನ ಅಧ್ಯಯನಗಳು ಬೇರೆಯೇ ದಾರಿ ತೋರುತ್ತವೆ. ತಾಲೂಕು ಆಸ್ಪತ್ರೆಯಲ್ಲಿ ಆಗಬೇಕಾದ್ದು ಮೂರು ಕೆಲಸ: ಅಪಾಯದ ಮಟ್ಟ ಅಳೆಯುವುದು, ರೋಗಿಯನ್ನು ಸ್ಥಿರಗೊಳಿಸುವುದು, ಸರಿಯಾದ ಜಾಗಕ್ಕೆ ಮುನ್ಸೂಚನೆಯೊಂದಿಗೆ ಕಳುಹಿಸುವುದು.

ಮೊದಲನೆಯದಕ್ಕೆ ಗ್ಲಾಸ್ಗೋ-ಬ್ಲಾಚ್‌ಫೋರ್ಡ್ ಎಂಬ ಅಂಕ ಪದ್ಧತಿ 2000ನೇ ಇಸವಿಯಿಂದಲೇ ಇದೆ. ರಕ್ತದ ಯೂರಿಯಾ, ಹಿಮೋಗ್ಲೋಬಿನ್, ರಕ್ತದೊತ್ತಡ, ನಾಡಿ ಬಡಿತ, ಕಪ್ಪು ಮಲ, ಪ್ರಜ್ಞೆ ತಪ್ಪಿದ್ದು, ಲಿವರ್ ಕಾಯಿಲೆ, ಹೃದಯ ವೈಫಲ್ಯ ಇವಿಷ್ಟೇ ಅದಕ್ಕೆ ಬೇಕಾದ ವಿವರಗಳು. 0ಯಿಂದ 23ರವರೆಗಿನ ಈ ಅಂಕದಲ್ಲಿ 0 ಅಥವಾ 1 ಬಂದವರನ್ನು ದಾಖಲಿಸಿಕೊಳ್ಳದೆ ಹೊರರೋಗಿಯಾಗಿಯೇ ನೋಡಬಹುದು. 12ಕ್ಕಿಂತ ಮೇಲಿದ್ದವರು ತೀವ್ರ ಅಪಾಯದಲ್ಲಿದ್ದಾರೆಂದೇ ಅರ್ಥ. ಎಂಡೋಸ್ಕೋಪಿ ಇಲ್ಲದೆಯೇ, ಭಾನುವಾರ ಮಧ್ಯರಾತ್ರಿಯಲ್ಲೂ ಕರ್ತವ್ಯದ ವೈದ್ಯರೊಬ್ಬರು ಮಾಡಬಹುದಾದ ಲೆಕ್ಕ ಇದು. ಆದರೆ ಯೂರಿಯಾ ಪರೀಕ್ಷಿಸುವ ಪ್ರಯೋಗಾಲಯ ಆ ವೇಳೆಯಲ್ಲಿ ತೆರೆದಿರಬೇಕು.

ಸಾಗಣೆಗೆ 2008ರಿಂದ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ ಇದೆ. ಆಂಬ್ಯುಲೆನ್ಸ್ ಹೊರಟರೆ ಸಾಲದು, ಅದು ತಲುಪುವ ಆಸ್ಪತ್ರೆಯಲ್ಲಿ ಆ ರಾತ್ರಿ ಎಂಡೋಸ್ಕೋಪಿ ಲಭ್ಯವಿದೆಯೇ ಎಂಬುದು ಹೊರಡುವ ಮುನ್ನವೇ ಗೊತ್ತಿರಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದಾಟದಲ್ಲಿ ಕಳೆಯುವ ಗಂಟೆಗಳು ಯಾವ ಆಸ್ಪತ್ರೆಯ ದಾಖಲೆಯಲ್ಲೂ ವಿಳಂಬವೆಂದು ನಮೂದಾಗುವುದಿಲ್ಲ. ಜಿಲ್ಲಾ ಕೇಂದ್ರ ಹಾಗೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಸರದಿಯ ಮೇಲೆ ರಜಾದಿನದ ಎಂಡೋಸ್ಕೋಪಿ ಪಾಳಿ ನಿಗದಿಪಡಿಸಿ, ಆ ಪಟ್ಟಿಯನ್ನು ತಾಲೂಕು ಆಸ್ಪತ್ರೆಗಳಿಗೂ 108 ನಿಯಂತ್ರಣ ಕೊಠಡಿಗೂ ಮೊದಲೇ ತಲುಪಿಸುವುದು ಭಾರೀ ವೆಚ್ಚದ ಕೆಲಸವೇನಲ್ಲ. ರೋಗಿ ಬಂದ ವೇಳೆ, ಎಂಡೋಸ್ಕೋಪಿ ಆದ ವೇಳೆ ಹಾಗೂ ಫಲಿತಾಂಶ ಈ ಮೂರನ್ನು ತಪ್ಪದೆ ಬರೆದಿಟ್ಟರೆ ನಮ್ಮ ರಜಾದಿನಗಳ ಲೆಕ್ಕವೂ ಸಿಗುತ್ತದೆ.

ಹಣದ ಕಾರಣಕ್ಕೆ ಆಗುವ ವಿಳಂಬವೂ ಉಂಟು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ರೋಗಿಯ ಕಡೆಯವರನ್ನು ಒತ್ತಾಯಿಸಬಾರದು ಎಂಬ ಅಂಶವನ್ನು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಒಳಗೊಂಡಿದೆ. ಭಾನುವಾರ ರಾತ್ರಿ ಬ್ಯಾಂಕು ಮುಚ್ಚಿರುವಾಗ ಹಣ ಹೊಂದಿಸಲು ಓಡಾಡುವ ಕುಟುಂಬಗಳಿಗೆ ಈ ಹಕ್ಕಿನ ಅರಿವು ಇರುವುದು ಅಗತ್ಯ.

ಮನೆಯವರ ಕೈಯಲ್ಲಿರುವುದು

ಆಸ್ಪತ್ರೆಯೊಳಗಿನ ವಿಳಂಬ ತಗ್ಗಿಸುವುದು ಸರ್ಕಾರ ಹಾಗೂ ವೈದ್ಯರ ಹೊಣೆ. ಆಸ್ಪತ್ರೆ ತಲುಪುವ ಮುಂಚಿನ ವಿಳಂಬ ಮಾತ್ರ ಬಹುಪಾಲು ಮನೆಯವರ ಕೈಯಲ್ಲಿದೆ. ರಕ್ತ ವಾಂತಿಯಾದರೆ ಅಥವಾ ಕಪ್ಪು ಮಲದೊಂದಿಗೆ ತಲೆಸುತ್ತು ಕಾಣಿಸಿಕೊಂಡರೆ ಆಂಟಾಸಿಡ್ ಕುಡಿಸಿ ಬೆಳಗಾಗಲಿ ಎಂದು ಕಾಯುವುದು ಸಲ್ಲ. ರೋಗಿಗೆ ಊಟ, ನೀರು ಕೊಡದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು. ಸೇವಿಸುತ್ತಿರುವ ಮಾತ್ರೆಗಳನ್ನೆಲ್ಲ, ಮುಖ್ಯವಾಗಿ ನೋವು ನಿವಾರಕ, ಆಸ್ಪಿರಿನ್, ರಕ್ತ ತೆಳುವಾಗಿಸುವ ಔಷಧಗಳನ್ನು ಜೊತೆಗೆ ಒಯ್ಯಬೇಕು. ಮದ್ಯಪಾನದ ಅಭ್ಯಾಸವನ್ನು ಸಂಕೋಚದಿಂದ ಮುಚ್ಚಿಟ್ಟರೆ ಚಿಕಿತ್ಸೆಯ ದಿಕ್ಕೇ ತಪ್ಪುತ್ತದೆ. ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ: ಇಲ್ಲಿ ಇಂದೇ ಎಂಡೋಸ್ಕೋಪಿ ಸಾಧ್ಯವೇ? ಇಲ್ಲವಾದರೆ ಎಲ್ಲಿ, ಎಷ್ಟು ಹೊತ್ತಿಗೆ?

ಹಾಗಾದರೆ ದಾಖಲಾದ ವೇಳೆಯೇ ಹಣೆಬರಹವೇ? ಅಲ್ಲ ಎಂದು ಬ್ರಿಟನ್ನಿನ ರಾಷ್ಟ್ರೀಯ ಪರಿಶೀಲನೆ ಹೇಳುತ್ತದೆ. ಹಾಗಾಗಲೂಬಹುದು ಎಂದು ವೇಲ್ಸ್‌ನ ರಜಾದಿನಗಳ ಲೆಕ್ಕ ಎಚ್ಚರಿಸುತ್ತದೆ. ಪರಿಶೀಲನೆಯ ವಿಧಾನಗಳು ಬೇರೆಯಾದರೂ, ಎರಡೂ ಸೇರಿ ಬೊಟ್ಟು ಮಾಡುವುದು ಭಾನುವಾರದ ಕಡೆಗಲ್ಲ, ಭಾನುವಾರದ ಪಾಳಿ ಪಟ್ಟಿಯ ಕಡೆಗೆ. ಆ ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲದ ಆಸ್ಪತ್ರೆಗೆ ರೋಗಿ ಎಷ್ಟು ಬೇಗ ಬಂದರೂ ತಡವೇ.